ಹಬ್ಬದ ಪಟ್ಟಿಗೆ ಸಿಗದ ವರ್ಷ

ವಿಕ್ಟೋರಿಯಾ ರಾಣಿಯ ಕಾಲದ ಜನಜೀವನವನ್ನು ‘ಒಂದು ವರ್ಷ’ದ ಚೌಕಟ್ಟಿನಲ್ಲಿ ಹೇಳುವ ರೂಢಿ ವೇಲ್ಸ್ ನಾಡಿನ ಮಟ್ಟಿಗೆ ಹಳೆಯದು. ಕಾರ್ಡಿಫ್‌ನಲ್ಲಿ ಅಮೆರಿಕದ ರಾಯಭಾರ ಅಧಿಕಾರಿಯಾಗಿದ್ದ ವರ್ಟ್ ಸೈಕ್ಸ್ 1880ರಲ್ಲಿ ‘ಬ್ರಿಟಿಷ್ ಗಾಬ್ಲಿನ್ಸ್’ ಎಂಬ ಪುಸ್ತಕ ತಂದ. ಅಲ್ಲಿನ ದೆವ್ವ, ಯಕ್ಷಿಯರ ಕಥೆಗಳ ಜೊತೆಗೆ ವರ್ಷದ ಆಚರಣೆಗಳನ್ನೂ ಅದರಲ್ಲಿ ಜೋಡಿಸಿಟ್ಟ. ಕುದುರೆಯ ತಲೆಬುರುಡೆಗೆ ಬಿಳಿ ಬಟ್ಟೆ ಹೊದಿಸಿ ಮನೆಮನೆಯ ಬಾಗಿಲಲ್ಲಿ ಹಾಡಿನ ಜಟಾಪಟಿ ನಡೆಸುವ ಚಳಿಗಾಲದ ಆಟ, ಹೊಸ ವರ್ಷದಂದು ಮಕ್ಕಳು ಹಾಡಿ ಕಾಸು ಪಡೆಯುವುದು, ಹೀಗೆ ಓದಲು ಸೊಗಸಾದ ಸಂಗತಿಗಳು ಇಂಥ ಬರಹಗಳಲ್ಲಿ ತುಂಬಿವೆ. ಆದರೆ ಅದೇ ಕಾಲದಲ್ಲಿ ಉತ್ತರ ವೇಲ್ಸ್‌ನ ಪೆನ್ರಿನ್, ಡಿನಾರ್ವಿಗ್ ಗಣಿಗಳಲ್ಲಿ ಸಾವಿರಾರು ಜನ ಸ್ಲೇಟು ಕಲ್ಲು ಸೀಳುತ್ತಿದ್ದರು. ಕುದುರೆ ಬುರುಡೆಯ ಸುತ್ತ ತಿರುಗುವ ಬರವಣಿಗೆ ಅವರ ಕೈಯ ಗಾಯವನ್ನು ನೋಡುವುದು ಅಪರೂಪ.

ಈ ರೂಢಿ ನಮ್ಮ ಕಡೆಗೂ ಬಂದು ಕೂತಿದೆ. ಕಲಬುರಗಿ ಕಡೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯ ಹಿಂದಿನ ಬದುಕಿನ ಬಗ್ಗೆ ಸ್ಮರಣ ಸಂಚಿಕೆಗಳಲ್ಲಿ, ಸಮ್ಮೇಳನದ ಭಾಷಣಗಳಲ್ಲಿ, ಶಾಲೆಯ ಪ್ರಬಂಧಗಳಲ್ಲಿ ಬರುವುದೆಲ್ಲ ಬಹುಪಾಲು ಒಂದೇ ಪಟ್ಟಿ: ಯುಗಾದಿ, ಕಾರಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ, ಪಂಚಮಿ, ಜೋಕುಮಾರ, ದಸರಾ, ಎಳ್ಳಮಾಸಿ, ಹೋಳಿ. ಪ್ರತಿಯೊಂದಕ್ಕೂ ಒಂದು ಅಡುಗೆ, ಒಂದು ಹಾಡು, ‘ನಮ್ಮ ಹಿರಿಯರು ಎಷ್ಟು ಸುಖವಾಗಿದ್ದರು’ ಎಂಬ ಒಂದು ಮಾತು. ಈ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಪಟ್ಟಿಯಲ್ಲಿರುವುದು ಸುಳ್ಳು ಎಂದು ನಾನು ಹೇಳುತ್ತಿಲ್ಲ. ಅದು ಹಬ್ಬವನ್ನು ಹೊಲದಿಂದ ಕಿತ್ತು ತಟ್ಟೆಯಲ್ಲಿ ಇಡುತ್ತದೆ, ಆಮೇಲೆ ಆ ತಟ್ಟೆಯನ್ನೇ ವರ್ಷ ಎನ್ನುತ್ತದೆ.

ಎಳ್ಳಮಾಸಿಯನ್ನೇ ನೋಡಿ. ಸಜ್ಜಿ ರೊಟ್ಟಿ, ಕಡುಬು, ಬಜ್ಜಿ ಪಲ್ಯ, ಅಂಬಲಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂಡಿ ಹೂಡಿ ಹೊಲಕ್ಕೆ ಹೋಗುವುದು, ಬೆಳೆಗೆ ನೈವೇದ್ಯವಾಗಿ ಚರಗ ಚೆಲ್ಲುವುದು, ಬಂಧು ಬಳಗದೊಡನೆ ಕೂತು ಉಣ್ಣುವುದು. ಎಲ್ಲರೂ ಬರೆಯುವುದು ಇಷ್ಟೇ. ಆದರೆ ಈ ಹಬ್ಬ ಆ ತಿಂಗಳಿಗೇ ಯಾಕೆ ಬಂತು? ಕಾಗಿಣಾ ಹೊಳೆಯ ದಂಡೆಯ ಕಪ್ಪು ನೆಲದಲ್ಲಿ ದೊಡ್ಡ ಬೆಳೆ ಹಿಂಗಾರಿ ಜೋಳ. ಉತ್ತರಿ, ಹಸ್ತ ಮಳೆಗೆ ಕೂರಿಗೆ ಹೂಡಿ ಬಿತ್ತಿದ ಜೋಳ ಎಳ್ಳಮಾಸಿಯ ಹೊತ್ತಿಗೆ ತೆನೆಗೆ ಬಂದಿರುತ್ತದೆ. ಅಲ್ಲಿಂದ ಮುಂದೆ ಮಳೆಯನ್ನು ನಂಬುವಂತಿಲ್ಲ. ನೆಲ ಹಿಡಿದಿಟ್ಟ ಹಸಿ, ರಾತ್ರಿಯ ಇಬ್ಬನಿ, ಇವೇ ಬೆಳೆಯನ್ನು ದಾಟಿಸಬೇಕು. ಹೊಲವನ್ನು ಬಸುರಿಯೆಂದು ಕಂಡು ಚರಗ ಚೆಲ್ಲುವುದರ ಹಿಂದೆ ಬೆಳೆ ಕೈಗೆ ಹತ್ತೀತೋ ಇಲ್ಲವೋ ಎಂಬ ಆತಂಕವಿದೆ. ಆತಂಕವನ್ನು ಬಿಟ್ಟು ಬರೀ ಊಟವನ್ನು ವರ್ಣಿಸಿದರೆ ಹಬ್ಬ ಅರ್ಧವಾಗುತ್ತದೆ. ಇನ್ನೊಂದು ಮಾತು: ಶೇಂಗಾ ನಮ್ಮ ಹೊಲಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಹಬ್ಬಿದ್ದು ಇಪ್ಪತ್ತನೆಯ ಶತಮಾನದಲ್ಲಿ. ವಿಕ್ಟೋರಿಯಾ ಕಾಲದ ಎಳ್ಳಮಾಸಿಯ ಬುತ್ತಿಯಲ್ಲಿ ಶೇಂಗಾ ಹೋಳಿಗೆಯನ್ನು ಇಡುವವರು ತಮ್ಮ ಬಾಲ್ಯವನ್ನೇ ಹಿಂದಕ್ಕೆ ತಳ್ಳಿ ಇತಿಹಾಸ ಎನ್ನುತ್ತಿದ್ದಾರೆ.

ಕಾರಹುಣ್ಣಿಮೆಯ ಸಂಗತಿಯೂ ಹಾಗೆಯೇ. ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕರಿ ಹರಿಯಲು ಓಡಿಸುವುದನ್ನು ಎಲ್ಲರೂ ಬರೆಯುತ್ತಾರೆ. ಮುಂದೆ ಬಂದ ಎತ್ತಿನ ಬಣ್ಣ ನೋಡಿ ಮುಂಗಾರಿ ಬೆಳೆಯೋ ಹಿಂಗಾರಿ ಜೋಳವೋ ಯಾವುದು ಚೆನ್ನಾಗಿ ಬಂದೀತು ಎಂದು ಊರು ಲೆಕ್ಕ ಹಾಕುತ್ತಿತ್ತು. ಬೀಜಕ್ಕೆ ಇಟ್ಟ ಕಾಳನ್ನು ಯಾವ ಹೊಲಕ್ಕೆ ಹಾಕಬೇಕು ಎಂಬ ಕಠಿಣ ತೀರ್ಮಾನದ ಹೊತ್ತು ಅದು. ಬೀಜ ಸಾಲದವನು ಸಾಹುಕಾರನ ಬಾಗಿಲಿಗೆ ಹೋಗುವ ಹೊತ್ತೂ ಅದೇ.

ಪಟ್ಟಿಯ ಇನ್ನೊಂದು ದೋಷ, ನಮ್ಮ ಸೀಮೆಯಲ್ಲಿ ವರ್ಷ ಒಂದೇ ಆಗಿರಲಿಲ್ಲ ಎಂಬುದನ್ನು ಅದು ಮರೆಮಾಡುತ್ತದೆ. ಹಬ್ಬ ನಡೆದದ್ದು ಚಾಂದ್ರಮಾನ ಪಂಚಾಂಗದಂತೆ. ಬಿತ್ತನೆ ನಡೆದದ್ದು ರೋಹಿಣಿ, ಮಿರಗ, ಆರಿದ್ರದಂಥ ಮಳೆ ನಕ್ಷತ್ರಗಳ ಸೌರ ಲೆಕ್ಕದಂತೆ. ಆಗ ಈ ಸೀಮೆಯನ್ನು ಆಳುತ್ತಿದ್ದ ನಿಜಾಮರ ಸರ್ಕಾರ ಕಂದಾಯ ಎಣಿಸಿದ್ದು ಫಸಲಿ ವರ್ಷದಲ್ಲಿ. ಕ್ರಿಸ್ತಶಕದಿಂದ ಸುಮಾರು 590 ಕಳೆದರೆ ಸಿಗುವ ಆ ಇಸವಿ ಹಳೆಯ ಕಾಗದಪತ್ರಗಳಲ್ಲಿ ಈಗಲೂ ಕಾಣುತ್ತದೆ. ಮೊಹರಂ, ಕಲಬುರಗಿಯ ಬಂದೇನವಾಜರ ಉರುಸು ನಡೆದದ್ದು ಹಿಜರಿ ಲೆಕ್ಕದಲ್ಲಿ. ಮೊಹರಂನಲ್ಲಿ ಅಲಾಯಿ ಕುಣಿಯದ ಹಳ್ಳಿ ನಮ್ಮಲ್ಲಿ ಕಡಿಮೆ, ಕುಣಿಯುವವರಲ್ಲಿ ಎಲ್ಲ ಜಾತಿಯವರೂ ಇದ್ದರು. ಆದರೆ ಮೊಹರಂ ಪ್ರತಿ ವರ್ಷ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತದೆ. 1867ರಲ್ಲಿ ಮೇ ತಿಂಗಳ ಬಿಸಿಲಿನಲ್ಲಿ, ಹೊಲ ಖಾಲಿಯಿದ್ದಾಗ ಬಂದ ಮೊಹರಂ, 1877ರಲ್ಲಿ ಜನವರಿಯಲ್ಲಿ ಬಂತು. ಇದನ್ನು ಯಾವ ತಿಂಗಳ ಮನೆಯಲ್ಲಿ ಬರೆಯುತ್ತೀರಿ? ಬರೆಯಲಾಗದೆ ಬಹಳ ಜನ ಬಿಟ್ಟೇಬಿಡುತ್ತಾರೆ. ಬಿಟ್ಟಾಗ ಅರ್ಧ ಊರೇ ವರ್ಷದಿಂದ ಹೊರಗೆ ಬೀಳುತ್ತದೆ. ವೇಲ್ಸ್‌ನಲ್ಲೂ ಇಂಥ ತೊಡಕಿದೆ: 1752ರಲ್ಲಿ ಬ್ರಿಟನ್ ಪಂಚಾಂಗ ಬದಲಿಸಿದರೂ ಪೆಂಬ್ರೋಕ್‌ಶೈರ್‌ನ ಗ್ವೈನ್ ಕಣಿವೆಯವರು ಹಳೆಯ ಲೆಕ್ಕದ ಹೊಸ ವರ್ಷವನ್ನು ಜನವರಿ 13ರಂದೇ ಮಾಡುತ್ತ ಬಂದರು. ಅಲ್ಲಿನ ಬರಹಗಾರರು ಅದನ್ನು ಹೆಮ್ಮೆಯಿಂದ ದಾಖಲಿಸಿದ್ದಾರೆ. ನಮ್ಮ ನಾಲ್ಕು ಲೆಕ್ಕಗಳ ಬಾಳನ್ನು ನಾವೂ ದಾಖಲಿಸಬೇಕಿತ್ತು.

ಇನ್ನು ಪಟ್ಟಿಯೊಳಗೆ ಬಾರದೇ ಉಳಿದದ್ದು. ಸಾಲಾರ್ ಜಂಗ್ 1853ರಲ್ಲಿ ನಿಜಾಮರ ದಿವಾನರಾಗುವ ಮುಂಚೆ ಕಂದಾಯ ವಸೂಲಿ ಗುತ್ತಿಗೆದಾರರ ಕೈಯಲ್ಲಿತ್ತು. ಸಾಲಾರ್ ಜಂಗರ ಸುಧಾರಣೆಯಿಂದ ಸಂಬಳದ ಅಧಿಕಾರಿಗಳು ಬಂದರು, ಕಂದಾಯ ಕ್ರಮೇಣ ಕಾಳಿನ ಬದಲು ನಗದಿಗೆ ತಿರುಗಿತು. ಒಳ್ಳೆಯ ಸುಧಾರಣೆ, ನಿಜ. ಆದರೆ ನಗದು ಬೇಕೆಂದರೆ ರಾಶಿಯಾದ ಕೂಡಲೇ, ಬೆಲೆ ಬಿದ್ದಿರುವಾಗಲೇ, ಜೋಳ ಮಾರಬೇಕು. ಕಣದಲ್ಲಿ ಬಡಿಗ, ಕಂಬಾರ, ಅಗಸ, ತಳವಾರರಿಗೆ ಆಯದ ಪಾಲು ಕೊಟ್ಟು, ನೆಲದೊಳಗಿನ ಹಗೇವಿಗೆ ಇಷ್ಟು ಇಳಿಸಿ, ಉಳಿದುದರಲ್ಲಿ ಸರ್ಕಾರ ಮತ್ತು ಸಾಹುಕಾರ. ಆ ಕಾಲದ ರೈತನಿಗೆ ವರ್ಷದ ನಿಜವಾದ ಕೊನೆ ಈ ಕಣ. ಯಾವ ಹಬ್ಬದ ಬರಹವೂ ಕಣದ ಹಂಚಿಕೆಯನ್ನು ಹೇಳುವುದಿಲ್ಲ. ಹಲಗೆ ಬಾರಿಸಿ ಹಬ್ಬಕ್ಕೆ ಸದ್ದು ಕೊಟ್ಟವನ ಪಾಲಿಗೆ ಎಷ್ಟು ಬಂತು ಎಂದು ಕೇಳುವುದಿಲ್ಲ.

1871ರಲ್ಲಿ ರೈಲು ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರಿನ ಮೇಲೆ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಶಹಾಬಾದಿನ ಕಲ್ಲು ದೂರದೂರದ ಪೇಟೆಗಳಿಗೆ ಹೊರಟಿತು. ವೇಲ್ಸ್‌ನ ಸ್ಲೇಟಿನ ಹಾಗೆ ಇದೂ ಪದರ ಪದರವಾಗಿ ಏಳುವ ಕಲ್ಲು. ವೇಲ್ಸ್‌ನ ಗಣಿಯ ಕೆಲಸಗಾರರು ಊಟದ ಬಿಡುವಿನಲ್ಲಿ ಗುಡಿಸಲಲ್ಲಿ ಕೂತು ನಡೆಸಿದ ಚರ್ಚೆ, ಕವಿತೆ ಸ್ಪರ್ಧೆಗಳ ನಡವಳಿಯನ್ನು ಬರೆದಿಟ್ಟರು, ಏಕೆಂದರೆ ಭಾನುವಾರದ ಶಾಲೆಗಳು ಅವರಿಗೆ ಅವರ ಭಾಷೆಯಲ್ಲೇ ಓದು ಕಲಿಸಿದ್ದವು. ನಮ್ಮ ಖಣಿಯವರಿಗೆ ಅಕ್ಷರ ಸಿಗಲಿಲ್ಲ. ಕಚೇರಿಯ ಭಾಷೆ ಫಾರ್ಸಿಯಾಗಿತ್ತು, 1880ರ ದಶಕದಲ್ಲಿ ಅದು ಹೋಗಿ ಉರ್ದು ಬಂತು. ಕನ್ನಡ ಮನೆ, ಮಠ, ಹೊಲಗಳಲ್ಲಿ ಉಳಿಯಿತು. ಶಾಲೆಗಳ ತನಿಖೆಗೆ ಬಂದ, ವೆಲ್ಷ್ ಬಾರದ ಮೂವರು ಕಮಿಷನರುಗಳು 1847ರಲ್ಲಿ ವೇಲ್ಸ್ ಜನರನ್ನು ಅಜ್ಞಾನಿಗಳೆಂದು ಬರೆದಾಗ ಆ ಜನ ಪತ್ರಿಕೆಗಳಲ್ಲಿ ಉತ್ತರ ಕೊಟ್ಟರು. ನಮ್ಮವರಿಗೆ ಉತ್ತರ ಕೊಡಲು ಪತ್ರಿಕೆ ಇರಲಿಲ್ಲ, ಬೀಸುವ ಕಲ್ಲಿನ ಹಾಡಿತ್ತು. ಹಾಗಾಗಿ ಆ ಹಾಡುಗಳನ್ನು ಹಬ್ಬದ ಅಲಂಕಾರವೆಂದು ಉಪಯೋಗಿಸುವುದು ತಪ್ಪು. ಅವು ಆ ಕಾಲದ ಹೆಂಗಸರು ಬಿಟ್ಟುಹೋದ ಹೇಳಿಕೆ.

ಚಿಂಚೋಳಿಯ ಗುಡ್ಡ, ಕೆಂಪು ನೆಲದ ಕಡೆ ಕಥೆ ಬೇರೆ. ರೈಲು ಅತ್ತ ಹೋಗಲೇ ಇಲ್ಲ. ಆದರೆ ಎತ್ತಿನ ಮೇಲೆ ಕಾಳು, ಉಪ್ಪು ಹೇರಿ ನಾಡು ಸುತ್ತುತ್ತಿದ್ದ ಲಂಬಾಣಿಗಳ ವ್ಯಾಪಾರವನ್ನು ಹಳಿ ಮುರಿಯಿತು. ತಾಂಡಾಗಳ ವರ್ಷ ನಮ್ಮ ಯಾವ ಪಟ್ಟಿಯಲ್ಲಿದೆ?

1876ರಲ್ಲಿ ಮಳೆ ಹೋಯಿತು. ಕಲಬುರಗಿ, ರಾಯಚೂರು, ಲಿಂಗಸುಗೂರು ಕಡೆ ಬರ ಬಿತ್ತು. 1877ರ ಜನವರಿ 1ರಂದು ದಿಲ್ಲಿಯಲ್ಲಿ ದರ್ಬಾರು ನಡೆದು ವಿಕ್ಟೋರಿಯಾ ಭಾರತದ ಸಾಮ್ರಾಜ್ಞಿ ಎಂದು ಸಾರಲಾಯಿತು. ಹತ್ತು ವರ್ಷದ ನಿಜಾಮ ಮಹಬೂಬ್ ಅಲಿ ಖಾನ್ ಸಾಲಾರ್ ಜಂಗರೊಡನೆ ಅಲ್ಲಿದ್ದ. ಆ ಚಳಿಗಾಲದ ಎಳ್ಳಮಾಸಿಗೆ ಒಣಗಿದ ಹೊಲದಲ್ಲಿ ಚರಗ ಚೆಲ್ಲಲು ಯಾರ ಮನೆಯಲ್ಲಿ ಏನಿತ್ತು? ಈ ಪ್ರಶ್ನೆ ಕೇಳದ ಬರಹವನ್ನು ಆ ಕಾಲದ ‘ಒಂದು ವರ್ಷ’ ಎಂದು ನಾನು ಒಪ್ಪಲಾರೆ.

ಕೆಲಸ ಇನ್ನೂ ಕೈಮೀರಿಲ್ಲ. ಹಳೆಯ ಕುಲಕರ್ಣಿ ಮನೆತನಗಳ ಅಟ್ಟದಲ್ಲಿ ಮೋಡಿ ಲಿಪಿಯ, ಉರ್ದುವಿನ, ಕನ್ನಡದ ದಫ್ತರಗಳು ಹುಳ ಹಿಡಿಯುತ್ತಿವೆ. ಮೋಡಿ ಓದಬಲ್ಲವರು ಬೆರಳೆಣಿಕೆಯಷ್ಟು. ಬೀಸುವ ಹಾಡು ಬಲ್ಲ ಅಜ್ಜಿಯರು ಅದಕ್ಕಿಂತ ಬೇಗ ಕಡಿಮೆಯಾಗುತ್ತಿದ್ದಾರೆ. ಮುಂದಿನ ತಾಲೂಕು ಸಮ್ಮೇಳನದ ಸಂಚಿಕೆ ಸಿದ್ಧಮಾಡುವ ಗೆಳೆಯರಲ್ಲಿ ನನ್ನ ಕೇಳಿಕೆ ಇಷ್ಟೇ: ಈ ಸಲ ಹಬ್ಬಗಳ ಲೇಖನ ಬೇಡ. ಒಂದು ಊರು, ಒಂದು ಫಸಲಿ ಇಸವಿ ಹಿಡಿಯಿರಿ. ಆ ವರ್ಷದ ಮಳೆ, ಬಿತ್ತನೆ, ಆಯ, ಸಾಲ, ಉರುಸು, ಹಾಡು ಸಿಕ್ಕಷ್ಟನ್ನು ಕೂಡಿಸಿ ಅಚ್ಚು ಹಾಕಿರಿ.