ಎಂಟಾಣೆಯ ಪುಸ್ತಕ

ಈ ತಿಂಗಳು ಕೊಂಡದ್ದು ಮೂರು ಪುಸ್ತಕ: ಗೀತಾ ಪ್ರೆಸ್ ಬಗ್ಗೆ ಅಕ್ಷಯ ಮುಕುಲ್ ಬರೆದ ಇಂಗ್ಲಿಷ್ ಗ್ರಂಥ, ಅಂಬೇಡ್ಕರರ ‘ಜಾತಿ ವಿನಾಶ’ದ ನವಯಾನ ಆವೃತ್ತಿ, ದೇವನೂರ ಮಹಾದೇವರ ‘ಆರ್‌ಎಸ್‌ಎಸ್: ಆಳ ಮತ್ತು ಅಗಲ’. ಧರ್ಮ ಮತ್ತು ರಾಜಕಾರಣದ ನಂಟನ್ನು ತಿಳಿಯಲೆಂದು ತಂದವು. ಓದುತ್ತ ಹೋದಂತೆ ತಲೆ ಹೊಕ್ಕ ಪ್ರಶ್ನೆ ಮಾತ್ರ ಬೇರೆ: ಪುಸ್ತಕದ ಬೆಲೆಯದು.

ಗೋರಖಪುರದ ಗೀತಾ ಪ್ರೆಸ್ ಶುರುವಾದದ್ದು 1923ರಲ್ಲಿ. ಮೂರು ವರ್ಷಕ್ಕೆ ‘ಕಲ್ಯಾಣ್’ ಮಾಸಪತ್ರಿಕೆ ಬಂತು. ಹನುಮಾನ್ ಪ್ರಸಾದ್ ಪೋದ್ದಾರ್ ಅದರ ಸಂಪಾದಕರು. ಜಾಹೀರಾತು ಬೇಡ, ಪುಸ್ತಕ ವಿಮರ್ಶೆಯೂ ಬೇಡ ಎಂದು ಅವರಿಗೆ ಸಲಹೆ ಕೊಟ್ಟವರು ಗಾಂಧಿ. (ವಿಮರ್ಶೆ ಬರೆದು ದಿನ ದೂಡುವ ನಮ್ಮಂಥವರ ಕತೆ ಬಿಡಿ.) ಮುಂದೆ ಪೂನಾ ಒಪ್ಪಂದ, ದೇವಾಲಯ ಪ್ರವೇಶದ ವಿಷಯದಲ್ಲಿ ಇಬ್ಬರ ನಡುವೆ ಬಿರುಕು ಬಿಟ್ಟಿತು. ಪೋದ್ದಾರರ ಖಾಸಗಿ ಕಾಗದಪತ್ರಗಳನ್ನು ಜಾಲಾಡಿ ಮುಕುಲ್ ಇದನ್ನೆಲ್ಲ ತೆರೆದಿಡುತ್ತಾರೆ. ಮಾರವಾಡಿ ವ್ಯಾಪಾರಿಗಳ ದುಡ್ಡು, ಗೋರಕ್ಷಣೆಯ ಚಳವಳಿ, ಹಿಂದೂ ಕೋಡ್ ಬಿಲ್ ವಿರುದ್ಧದ ಹೋರಾಟ ಎಲ್ಲವೂ ಒಂದೇ ಅಚ್ಚುಕೂಟದ ಸುತ್ತ ಸೇರುವುದನ್ನು ಕಾಣುತ್ತೇವೆ. ಕೊರತೆ ಒಂದೇ. ಪತ್ರ ಬರೆದವರು, ಹಣ ಕೊಟ್ಟವರು ಪುಟಪುಟದಲ್ಲೂ ಇದ್ದಾರೆ. ರೈಲು ನಿಲ್ದಾಣದ ಮಳಿಗೆಯಲ್ಲಿ ಗೀತೆ ಕೊಂಡು ಮನೆಯಲ್ಲಿ ದಿನಾ ಓದಿದ ಹೆಂಗಸು ಅಷ್ಟಾಗಿ ಕಾಣುವುದಿಲ್ಲ. ಆಕೆ ಏನನ್ನು ಒಪ್ಪಿದಳು, ಏನನ್ನು ನಕ್ಕು ಬಿಟ್ಟಳು?

ದೇವನೂರರದು ಕಿರುಹೊತ್ತಿಗೆ. 2022ರಲ್ಲಿ ಹಲವು ಪ್ರಕಾಶಕರು ಅದನ್ನು ಏಕಕಾಲಕ್ಕೆ ಕಡಿಮೆ ಬೆಲೆಗೆ ತಂದರು. ಗೋಳ್ವಲ್ಕರ್, ಸಾವರ್ಕರರ ಮಾತುಗಳನ್ನೇ ಮುಂದಿಟ್ಟು ಓದುಗನೊಡನೆ ಜಗಲಿಯ ಮೇಲೆ ಕೂತಂತೆ ಮಾತಾಡುವುದು ಅದರ ಬಲ. ಮಾಯಾವಿಯ ಪ್ರಾಣ ಏಳು ಸಮುದ್ರದಾಚೆಯ ಗಿಣಿಯಲ್ಲಿರುವ ಜನಪದ ಕತೆಯೂ ಅಲ್ಲಿದೆ. ಆದರೆ ಮುಕುಲ್ ಓದಿದ ಮೇಲೆ ಆ ರೂಪಕ ನನಗೆ ಸಾಲದೆನಿಸಿತು. ಇಲ್ಲಿ ಪ್ರಾಣ ಒಂದು ಗಿಣಿಯಲ್ಲಿಲ್ಲ. ಚಂದಾದಾರರಲ್ಲಿ, ದಾನಿಗಳಲ್ಲಿ, ದೇವರ ಗೂಡಿನ ಪಕ್ಕದ ಅಗ್ಗದ ಪ್ರತಿಯಲ್ಲಿ ಹಂಚಿಹೋಗಿದೆ. ಗಿಣಿಯ ಕತ್ತು ಹಿಸುಕಿದರೆ ಮುಗಿಯುವ ಕತೆ ಇದಲ್ಲ.

ಅಂಬೇಡ್ಕರರ ಪುಸ್ತಕಕ್ಕೆ ಬರೋಣ. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಅವರನ್ನು ಸಮ್ಮೇಳನದ ಅಧ್ಯಕ್ಷತೆಗೆ ಕರೆಯಿತು. ಭಾಷಣದ ಪ್ರತಿ ನೋಡಿ ಬೆದರಿತು. ತಿದ್ದಲು ಅವರು ಒಪ್ಪಲಿಲ್ಲ, ಸಮ್ಮೇಳನ ನಡೆಯಲಿಲ್ಲ. 1936ರಲ್ಲಿ ತಾವೇ ಖರ್ಚು ಹಾಕಿ 1,500 ಪ್ರತಿ ಅಚ್ಚು ಹಾಕಿಸಿದರು. ಬೆಲೆ ಎಂಟಾಣೆ. ‘ಹರಿಜನ’ದಲ್ಲಿ ಅದನ್ನು ವಿಮರ್ಶಿಸಿದ ಗಾಂಧಿ, ಆಕ್ಷೇಪಗಳಿದ್ದರೂ ಸುಧಾರಕರು ಇದನ್ನು ಓದಲೇಬೇಕು ಎಂದರು, ಬೆಲೆಯನ್ನು ಎರಡಾಣೆಗೆ, ಕನಿಷ್ಠ ನಾಲ್ಕಾಣೆಗೆ ಇಳಿಸಬೇಕೆಂದೂ ಸೂಚಿಸಿದರು. ಗೀತಾ ಪ್ರೆಸ್ಸಿನ ಬೆನ್ನಿಗೆ ಸೇಠರಿದ್ದರು. ಅಂಬೇಡ್ಕರರ ಬೆನ್ನಿಗೆ ಯಾರಿದ್ದರು? ಗಾಂಧಿಯ ಸಲಹೆ ಎಷ್ಟೇ ಸದುದ್ದೇಶದ್ದಾದರೂ ಈ ಪ್ರಶ್ನೆಯನ್ನು ಮುಟ್ಟುವುದಿಲ್ಲ.

ಆದರೂ ಪ್ರತಿಗಳು ಎರಡೇ ತಿಂಗಳಲ್ಲಿ ಮುಗಿದವು. ಎರಡನೆಯ ಮುದ್ರಣದಲ್ಲಿ ಅಂಬೇಡ್ಕರ್ ಗಾಂಧಿಯ ವಿಮರ್ಶೆಯನ್ನೂ ಸೇರಿಸಿ ತಮ್ಮ ಉತ್ತರ ಕೊಟ್ಟರು. ಎದುರಾಳಿಯ ಮಾತಿಗೆ ತನ್ನ ಪುಸ್ತಕದಲ್ಲೇ ಜಾಗ ಕೊಡುವ ಈ ಧೈರ್ಯ ‘ಕಲ್ಯಾಣ್’ಗೆ ಬರಲಿಲ್ಲ. ನವಯಾನದ 2014ರ ಆವೃತ್ತಿಯಲ್ಲಿ ಟಿಪ್ಪಣಿಗಳು ಉಪಯುಕ್ತ. ಅರುಂಧತಿ ರಾಯ್ ಅವರ ಮುನ್ನುಡಿ ಮಾತ್ರ ಅತಿ ಉದ್ದ, ಅದರ ಗಮನವೂ ಬಹುಪಾಲು ಗಾಂಧಿಯ ಮೇಲೆ. ದಲಿತ ಚಿಂತಕರು ಆಗಲೇ ಎತ್ತಿದ ಆಕ್ಷೇಪ ಸರಿಯೆಂದೇ ನನ್ನ ಭಾವನೆ. ಹೊಸ ಓದುಗರು ಮೂಲವನ್ನು ಮೊದಲು ಓದಿ, ಮುನ್ನುಡಿಗೆ ಆಮೇಲೆ ಬರಲಿ.

1937ರ ಮುನ್ನುಡಿಯಲ್ಲಿ ಅಂಬೇಡ್ಕರ್ ಅನುವಾದಗಳ ಲೆಕ್ಕ ಕೊಡುತ್ತಾರೆ. ಗುಜರಾತಿ, ತಮಿಳು ಆಗಿವೆ; ಮರಾಠಿ, ಹಿಂದಿ, ಪಂಜಾಬಿ, ಮಲಯಾಳಂ ಆಗುತ್ತಿವೆ. ಆ ಪಟ್ಟಿಯಲ್ಲಿ ಕನ್ನಡವಿಲ್ಲ.