ಐದೂವರೆಗೆ ಏಳ್ತೀರಾ?

"ಸಾರ್, ಮುಧೋಳ ಮರಿ ತರೋಣ ಅಂತಿದ್ದೀವಿ. ನಮ್ಮ ನೆಲದ ತಳಿ ಅಲ್ವಾ?" ಗೆಳೆಯರೊಬ್ಬರು ಫೋನ್ ಮಾಡಿದ್ದರು. ಬೆಂಗಳೂರು, ಆರನೇ ಮಹಡಿ, ಗಂಡ ಹೆಂಡತಿ ಇಬ್ಬರಿಗೂ ಆಫೀಸು. ನಾನು ಕೇಳಿದ್ದು ಒಂದೇ ಪ್ರಶ್ನೆ: "ಬೆಳಗ್ಗೆ ಎಷ್ಟು ಗಂಟೆಗೆ ಏಳ್ತೀರಿ?"

ಎಂಟು ಅಂದರು.

ಮುಧೋಳದ ಮೇಲೆ ಅಭಿಮಾನ ಸುಮ್ಮನೆ ಬಂದದ್ದಲ್ಲ. 2005ರಲ್ಲೇ ಅಂಚೆಚೀಟಿ ಏರಿದ ನಾಯಿ ಅದು. ಸೇನೆ ಕರೆದೊಯ್ದು ತರಬೇತಿ ಕೊಟ್ಟಿತು. 2020ರಲ್ಲಿ ಪ್ರಧಾನಿ 'ಮನ್ ಕಿ ಬಾತ್'ನಲ್ಲಿ ಹೆಸರೆತ್ತಿದ ಮೇಲಂತೂ ಕೇಳುವುದೇ ಬೇಡ. ಆದರೆ ಮೆಚ್ಚುವುದು ಬೇರೆ, ಸಾಕುವುದು ಬೇರೆ.

ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರ ನೋಡಲು ಹೋದಾಗ ದಾರಿಯಲ್ಲೊಂದು ಹೊಲದ ಬದುವಿನ ಮೇಲೆ ಮುಧೋಳ ನಾಯಿ ನಿಂತಿತ್ತು. ಉದ್ದ ಮೂತಿ, ಆಳವಾದ ಎದೆ, ಬೆನ್ನಿಗಂಟಿದ ಹೊಟ್ಟೆ, ಎಣಿಸಬಹುದಾದ ಪಕ್ಕೆಲುಬು. "ಊಟ ಸರಿಯಾಗಿ ಹಾಕಲ್ವಾ?" ಅಂದುಬಿಟ್ಟೆ. ಯಜಮಾನರು ನಕ್ಕರು. "ಎರಡೂ ಹೊತ್ತು ಜ್ವಾಳದ ನುಚ್ಚು, ಹಾಲು ಹಾಕ್ತೀವ್ರಿ. ಅದರ ಮೈಕಟ್ಟ ಹಂಗರೀ." ಅಷ್ಟರಲ್ಲಿ ದೂರದಲ್ಲಿ ಒಂದು ಪ್ಲಾಸ್ಟಿಕ್ ಚೀಲ ಗಾಳಿಗೆ ಹಾರಿತು. ಅವರು ಬಾಯಿ ತೆರೆಯುವಷ್ಟರಲ್ಲಿ ನಾಯಿ ಎರಡು ಹೊಲ ದಾಟಿತ್ತು.

ಮೂಗಲ್ಲ, ಕಣ್ಣು ಓಡಿಸುವ ನಾಯಿ ಇದು. ಓಡುವುದೇನಾದರೂ ಕಂಡರೆ ನಿಮ್ಮ 'ಬಾ' ಅದರ ಕಿವಿಗೆ ಬೀಳುವುದಿಲ್ಲ. ರಿಂಗ್ ರೋಡ್ ಪಕ್ಕದಲ್ಲಿ ಬೆಲ್ಟು ಬಿಚ್ಚಿದರೆ ಮುಗಿಯಿತು. ಲಿಫ್ಟಿನಲ್ಲಿ ಸಿಕ್ಕವರೆಲ್ಲ ತಲೆ ಸವರುವುದೂ ಅದಕ್ಕಾಗದು. ಹಾಗಂತ ಮನೆಗೆ ಬೇಡವೇ ಬೇಡ ಅನ್ನುವಂತಿಲ್ಲ. ಎತ್ತರದ ಕಾಂಪೌಂಡಿನೊಳಗೆ ದಿನಾ ಮನಸಾರೆ ಓಡಿಬಂದರೆ ಮಿಕ್ಕ ಹೊತ್ತು ಮೂಲೆಯಲ್ಲಿ ನಿದ್ದೆ, ಇದ್ದದ್ದೇ ಗೊತ್ತಾಗದು.

ಬೇರೆಯವೇನು ಸುಲಭ? ಲ್ಯಾಬ್ರಡಾರ್ ಊರಿಗೆಲ್ಲ ನೆಂಟ, ಮಕ್ಕಳಿರುವ ಮನೆಗೆ ಒಳ್ಳೆಯದು. ಆದರೆ ಹಾಕಿದ್ದೆಲ್ಲ ತಿಂದು ದಪ್ಪಗಾಗಿ ಕಾಲುಗಂಟು ಹಾಳುಮಾಡಿಕೊಳ್ಳುತ್ತದೆ. ಮೊಬೈಲ್ ಜಾಹೀರಾತು ನೋಡಿ ಜನ ಮುಗಿಬಿದ್ದ ಪಗ್ಗಿಗೆ ಚಪ್ಪಟೆ ಮೂಗು, ಉಸಿರಾಟವೇ ಕಷ್ಟ. ಏಪ್ರಿಲ್‌ನ ಕಲಬುರಗಿಯಲ್ಲಿ ಅದನ್ನು ಮಧ್ಯಾಹ್ನ ಹೊರಗೆ ಕರೆದೊಯ್ಯುವುದು ಪಾಪದ ಕೆಲಸ. ಸೈಬೀರಿಯಾದ ಹಸ್ಕಿಯನ್ನು ತಂದು ಎ.ಸಿ. ಕೋಣೆಯಲ್ಲಿಡುವವರ ಬಗ್ಗೆ ಬರೆಯಲು ನನಗೆ ಮನಸ್ಸಿಲ್ಲ.

ಉಳಿದದ್ದು ಕಂತ್ರಿ ನಾಯಿ. ನಾಯಿಗೂ ಜಾತಿ ಹಚ್ಚಿದವರು ನಾವು. 'ಜಾತಿ ನಾಯಿ' ಎಂಬ ಮಾತು ನಾಲಿಗೆಯ ಮೇಲೆ ಎಷ್ಟು ಸಲೀಸು ನೋಡಿ. ಈ ಹವೆಗೆ, ಈ ಅನ್ನಕ್ಕೆ ಹೊಂದಿಕೊಂಡೇ ಹುಟ್ಟಿದ ಜೀವ ಅದು. ಗೆಳೆಯರ ಅಪಾರ್ಟ್‌ಮೆಂಟಿನ ಹಿಂದೆ, ಟೀ ಅಂಗಡಿ ಪಕ್ಕದಲ್ಲೇ ನಾಲ್ಕು ಮರಿಗಳಿವೆ ಅಂತ ಅವರೇ ಹೇಳಿದರು. ಲಸಿಕೆ ಹಾಕಿಸಿ ಒಂದನ್ನು ತನ್ನಿ ಅಂದೆ. ಅದನ್ನೂ ಎರಡು ಹೊತ್ತು ತಿರುಗಿಸಲೇಬೇಕು ಅಂದಾಗ ಫೋನಿನಲ್ಲಿ ಮೌನ.

ಇಲ್ಲ, ಮುಧೋಳವೇ ಬೇಕು ಅನ್ನುವವರು ಹೀಗೆ ಮಾಡಿ. ನಾಯಿ ಇಲ್ಲದೆ, ಬರೀ ಬೆಲ್ಟು ಹಿಡಿದು, ಒಂದು ತಿಂಗಳು ಬೆಳಗ್ಗೆ ಐದೂವರೆಗೆ ವಾಕಿಂಗ್ ಹೋಗಿಬನ್ನಿ. ಮಳೆ ಬಂದ ದಿನವೂ. ಆಮೇಲೆ ಫೋನ್ ಮಾಡಿ.