‘ನಾಳೆ ನೀರಿಲ್ಲ’ ಅನ್ನಬಹುದು, ‘ಯಾಕಿಲ್ಲ’ ಅನ್ನಬಾರದು

ಕುಷ್ಟಗಿ ತಾಲ್ಲೂಕಿನ ಹನುಮಸಾಗರದಲ್ಲಿ ಒಂದು ಸಮುದಾಯ ರೇಡಿಯೋ ಇದೆ ಅಂತ ಸುಮ್ಮನೆ ಅಂದುಕೊಳ್ಳಿ. ಕಾನೂನು ಒಪ್ಪುವ 50 ವ್ಯಾಟಿನ ಟ್ರಾನ್ಸ್‌ಮಿಟರ್, 30 ಮೀಟರ್ ಎತ್ತರದ ಕಂಬ, ಒಂದು ಕೋಣೆ, ಎರಡು ಮೈಕು. ಸುತ್ತಲ ಹತ್ತು ಹದಿನೈದು ಕಿಲೋಮೀಟರಿನ ಹಳ್ಳಿಗಳಿಗೆ ಕೇಳುತ್ತೆ. ಕೊಪ್ಪಳಕ್ಕೆ ಕೇಳಲ್ಲ, ಕೇಳಬೇಕಾಗಿಯೂ ಇಲ್ಲ.

ಬೆಳಗ್ಗೆ ಏಳಕ್ಕೆ ಮೈಕಿನ ಮುಂದೆ ಕೂತ ಹುಡುಗಿ, ‘ನಾಳೆ ಹಳೇ ಊರಿನ ಕಡೆ ನೀರು ಬರಂಗಿಲ್ರಿ’ ಅಂತ ಹೇಳಬಹುದು. ಸರಕಾರದ ನಿಯಮದ ಪ್ರಕಾರ ಅದು ಸುದ್ದಿ ಅಲ್ಲ, ಸಾರ್ವಜನಿಕ ಪ್ರಕಟಣೆ. ಮರುದಿನ ಅದೇ ಹುಡುಗಿ ಪಂಚಾಯಿತಿಗೆ ಹೋಗಿ, ‘ಯಾಕ ಬಂದಿಲ್ರಿ? ಪೈಪಿಗೆ ಅಂತ ಇಟ್ಟ ರೊಕ್ಕ ಎಲ್ಲಿ ಹೋತು?’ ಅಂತ ಕೇಳಿ, ಸಿಕ್ಕ ಉತ್ತರವನ್ನ ಪ್ರಸಾರ ಮಾಡಿದಳು ಅನ್ನಿ. ಆಗ ಅದನ್ನ ಸುದ್ದಿ ಅಂತ ಯಾರು ಬೇಕಾದರೂ ಬೊಟ್ಟು ಮಾಡಬಹುದು. ಸಮುದಾಯ ರೇಡಿಯೋ ಸ್ವಂತ ಸುದ್ದಿ ಹೇಳುವ ಹಾಗಿಲ್ಲ. ಆಕಾಶವಾಣಿಯ ಬುಲೆಟಿನ್ನನ್ನ ಒಂದಕ್ಷರ ಬದಲಿಸದೆ ಮತ್ತೆ ಬಿತ್ತರಿಸಬಹುದು, ಅಷ್ಟೇ. ದಿಲ್ಲಿಯ ಸುದ್ದಿ ಹನುಮಸಾಗರಕ್ಕೆ ಬರಬಹುದು. ಹನುಮಸಾಗರದ ಸುದ್ದಿ ಹನುಮಸಾಗರಕ್ಕೇ ಹೋಗುವ ಹಾಗಿಲ್ಲ.

ಇದು ಎಲ್ಲರಿಗೂ ಗೊತ್ತಿರುವ ವಿಚಿತ್ರ. ನನ್ನ ತಕರಾರು ನಿಯಮದ ಬಗ್ಗೆ ಮಾತ್ರ ಅಲ್ಲ, ಈ ರೇಡಿಯೋ ನಡೆಸುವವರು ಸೇರುವ ಸಭೆಗಳ ಬಗ್ಗೆ ಕೂಡ. ಹೆಚ್ಚುಕಮ್ಮಿ ಮೂವತ್ತು ವರ್ಷದಿಂದ ಅವರು ಸೇರುತ್ತಿದ್ದಾರೆ, ಮಾತಾಡುತ್ತಿದ್ದಾರೆ, ಹಕ್ಕೊತ್ತಾಯ ಮಂಡಿಸುತ್ತಿದ್ದಾರೆ. ಆ ಸಭೆಗಳಲ್ಲಿ ಮೂರನ್ನ, ಒಬ್ಬನೇ ಲೇಖಕ ಬರೆದ ಮೂರು ಪುಸ್ತಕಗಳ ಹಾಗೆ ಪಕ್ಕಪಕ್ಕ ಇಟ್ಟು ಓದಬೇಕು ಅನ್ನಿಸುತ್ತೆ: ಬೆಂಗಳೂರು 1996, ಪಸ್ತಾಪುರ 2000, ಚೆನ್ನೈ 2024.

ಮೊದಲ ಪುಸ್ತಕದ ಹಿನ್ನೆಲೆ ಒಂದು ಕ್ರಿಕೆಟ್ ಜಗಳ. ಬಂಗಾಳದ ಕ್ರಿಕೆಟ್ ಸಂಸ್ಥೆಗೂ ಕೇಂದ್ರ ಸರಕಾರಕ್ಕೂ ಪಂದ್ಯದ ಪ್ರಸಾರದ ಬಗ್ಗೆ ನಡೆದ ಮೊಕದ್ದಮೆಯಲ್ಲಿ, 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಗಾಳಿಯ ಅಲೆಗಳು ಸಾರ್ವಜನಿಕ ಸ್ವತ್ತು ಅಂತ ತೀರ್ಪು ಕೊಟ್ಟಿತು. ಮರುವರ್ಷ ಬೆಂಗಳೂರಿನಲ್ಲಿ ವಾಯ್ಸಸ್ ಸಂಸ್ಥೆ ಕರೆದ ಸಭೆ ಆ ಮಾತಿನ ಎಳೆ ಹಿಡಿದು ಒಂದು ಘೋಷಣೆ ಹೊರಡಿಸಿತು. ಅಲೆ ಸಾರ್ವಜನಿಕರದ್ದಾದರೆ ಸಾರ್ವಜನಿಕರೂ ಅದರಲ್ಲಿ ಮಾತಾಡಲಿ. ವಾದ ಇಷ್ಟೇ, ಎಷ್ಟು ಸರಳ ನೋಡಿ. ಆಗ ಯಾರ ಹತ್ತಿರವೂ ಸ್ಟೇಷನ್ ಇರಲಿಲ್ಲ, ಕಳಕೊಳ್ಳೋಕೂ ಏನೂ ಇರಲಿಲ್ಲ.

ಎರಡನೇದು 2000ದ ಜುಲೈಯಲ್ಲಿ. ಹೈದರಾಬಾದಿನಲ್ಲಿ ಯುನೆಸ್ಕೋ ನೆರವಿನ ಕಾರ್ಯಾಗಾರ. ಅಲ್ಲಿ ಹೊರಬಿದ್ದ ಘೋಷಣೆಗೆ ಜಹೀರಾಬಾದ್ ಕಡೆಯ ಪಸ್ತಾಪುರದ ಹೆಸರು. ನಮ್ಮ ಬೀದರ್ ಜಿಲ್ಲೆಗೆ ಹೊಂದಿಕೊಂಡಿರುವ ಸೀಮೆ ಅದು. ಸರಕಾರಿ ರೇಡಿಯೋ ಒಂದು, ವ್ಯಾಪಾರಿ ರೇಡಿಯೋ ಇನ್ನೊಂದು, ಲಾಭ ನೋಡದ ಜನರ ರೇಡಿಯೋ ಮೂರನೇದು: ಹೀಗೆ ಮೂರು ಅಂತಸ್ತಿನ ವ್ಯವಸ್ಥೆ ಬೇಕು ಅಂತ ಅದು ಕೇಳಿತು. ಇದನ್ನ ಬರೆದವರಿಗೆ ಕಣ್ಣೆದುರಿಗೇ ಉದಾಹರಣೆ ಇತ್ತು. ಆ ಸೀಮೆಯ ದಲಿತ ಹೆಣ್ಣುಮಕ್ಕಳು ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಜೊತೆ ಸೇರಿ ಮಾಚನೂರಿನಲ್ಲಿ ಸ್ಟುಡಿಯೋ ಕಟ್ಟಿಕೊಂಡಿದ್ದರು. ಲೈಸೆನ್ಸ್ ಇಲ್ಲದ್ದಕ್ಕೆ ಕ್ಯಾಸೆಟ್ಟಿನಲ್ಲಿ ರೆಕಾರ್ಡ್ ಮಾಡಿ, ಸಂಘದ ಸಭೆಗಳಲ್ಲಿ ಹಾಕಿ ಕೇಳಿಸುತ್ತಿದ್ದರು. ಸಂಘಂ ರೇಡಿಯೋ ಅಂತ ಅದು ಗಾಳಿಗೆ ಬಂದಿದ್ದು 2008ರ ಅಕ್ಟೋಬರ್ 15ಕ್ಕೆ.

ಈ ನಡುವೆ ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಇನ್ನೊಂದು ಉಪಾಯ ನಡೆದಿತ್ತು. ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ ಅಲ್ಲಿ ‘ನಮ್ಮ ಧ್ವನಿ’ ಶುರು ಮಾಡಿದವು. ಗಾಳಿಯಲ್ಲಿ ಬಿಟ್ಟರೆ ಅಪರಾಧ, ತಂತಿಯಲ್ಲಿ ಬಿಟ್ಟರೆ ಅಲ್ಲ. ಹಾಗಾಗಿ ಟೀವಿ ಕೇಬಲ್ಲಿನ ಮೂಲಕವೇ ಮನೆಮನೆಗೆ ದನಿ ಕಳಿಸಿದರು. ಆ ಕಾಲದಲ್ಲಿ ವರದಿಯಾದ ಒಂದು ಪ್ರಸಂಗ ಇದೆ. ಕುಡಿಯೋ ನೀರಿನ ತೊಂದರೆ ಬಗ್ಗೆ ಊರಿನ ಹೆಂಗಸರು ಕಾರ್ಯಕ್ರಮದಲ್ಲಿ ದೂರಿದರು, ಕೆಲವೇ ದಿನದಲ್ಲಿ ಪೈಪು ರಿಪೇರಿಯಾಯ್ತು. ಸಮುದಾಯ ರೇಡಿಯೋ ಬಗ್ಗೆ ಭಾಷಣ ಮಾಡುವವರೆಲ್ಲ ಇಂಥದ್ದೊಂದು ಕತೆ ಹೇಳೇ ಹೇಳುತ್ತಾರೆ. ಒಂದು ವಿಷಯ ಮಾತ್ರ ಹೇಳಲ್ಲ. ಆ ಕೆಲಸ ಆಗಿದ್ದು ಲೈಸೆನ್ಸ್ ಬರುವ ಮೊದಲು! ಹೆಂಗಸರು ನೀರಿನ ಪ್ರಕಟಣೆ ಓದಿರಲಿಲ್ಲ, ನೀರಿನ ಬಗ್ಗೆ ಪ್ರಶ್ನೆ ಕೇಳಿದ್ದರು. ಇವತ್ತಿನ ಭಾಷೆಯಲ್ಲಿ ಅದಕ್ಕೆ ಸುದ್ದಿ ಅಂತಲೇ ಹೆಸರು.

ಲೈಸೆನ್ಸ್ ಬಂತು. 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಬಾಗಿಲು ತೆರೆಯಿತು, 2004ರ ಫೆಬ್ರವರಿಯಲ್ಲಿ ಚೆನ್ನೈನ ಅಣ್ಣಾ ಎಫ್‌ಎಂ ಶುರುವಾಯ್ತು. 2006ರ ನವೆಂಬರಿನಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಅವಕಾಶ ಸಿಕ್ಕಿತು. ಅದು ಗೆಲುವೇ, ಇಲ್ಲ ಅನ್ನೋಕಾಗಲ್ಲ. ಆದರೆ ಗೆಲುವಿನ ಜೊತೆಗೇ ಸುದ್ದಿ ಬೇಡ ಅನ್ನುವ ಷರತ್ತು ಬಂತು. ಅದರ ಜೊತೆಗೆ, ಪ್ರಸಾರ ಮಾಡಿದ್ದನ್ನೆಲ್ಲ ಮೂರು ತಿಂಗಳು ರೆಕಾರ್ಡ್ ಮಾಡಿ ಇಟ್ಟುಕೊಂಡಿರಬೇಕು, ಕೇಳಿದರೆ ಕೊಡಬೇಕು.

ಈಗ ಮೂರನೇ ಪುಸ್ತಕಕ್ಕೆ ಬರೋಣ. 2024ರ ಫೆಬ್ರವರಿ 13 ಮತ್ತು 14ಕ್ಕೆ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದಲ್ಲಿ ದಕ್ಷಿಣ ರಾಜ್ಯಗಳ ಸಮುದಾಯ ರೇಡಿಯೋ ಸಮ್ಮೇಳನ ನಡೆಯಿತು. ದೇಶದ ಸಮುದಾಯ ರೇಡಿಯೋಗೆ ಇಪ್ಪತ್ತು ವರ್ಷ ತುಂಬಿದ ಸಂಭ್ರಮ, ಮೊದಲ ದಿನವೇ ವಿಶ್ವ ರೇಡಿಯೋ ದಿನ. ಕರೆದಿದ್ದು ಮಾಹಿತಿ ಮತ್ತು ಪ್ರಸಾರ ಸಚಿವಾಲಯ. ಮೊದಲ ಎರಡು ಸಭೆಗಳಲ್ಲಿ ಜನ ಸೇರಿ ಸರಕಾರಕ್ಕೆ ಕಾಗದ ಬರೆದಿದ್ದರು. ಇಲ್ಲಿ ಸರಕಾರ ಜನರನ್ನ ಸೇರಿಸಿ ತನ್ನ ಕಾಗದ ಬಿಡುಗಡೆ ಮಾಡಿತು.

ಆ ಪರಿಷ್ಕೃತ ಮಾರ್ಗಸೂಚಿಯಲ್ಲಿ ಒಳ್ಳೆಯದು ಇಲ್ಲ ಅಂತಲ್ಲ. ಮೊದಲ ಅನುಮತಿಯ ಅವಧಿ 5 ವರ್ಷದಿಂದ 10ಕ್ಕೆ ಏರಿತು. ಸಣ್ಣ ಸಂಸ್ಥೆಗೆ ಇದು ದೊಡ್ಡ ನೆಮ್ಮದಿ. ಕಾರ್ಯಕ್ರಮ ನಿರ್ಧರಿಸುವ ಸಮಿತಿಯಲ್ಲಿ ಅರ್ಧದಷ್ಟಾದರೂ ಹೆಣ್ಣುಮಕ್ಕಳಿರಬೇಕು ಅಂದರು, ಅದು ನಿಜಕ್ಕೂ ಒಳ್ಳೆಯ ನಿಯಮ. ಜಾಹೀರಾತು ಗಂಟೆಗೆ 7 ನಿಮಿಷ ಇದ್ದದ್ದು 12 ಆಯ್ತು. ಸರಕಾರಿ ಜಾಹೀರಾತಿನ ದರ 10 ಸೆಕೆಂಡಿಗೆ 52 ರೂಪಾಯಿಯಿಂದ 74 ರೂಪಾಯಿಗೆ ಏರಿತು.

ಸ್ವಲ್ಪ ಲೆಕ್ಕ ಹಾಕೋಣ, ನಮಗೆ ಎಕ್ಸೆಲ್ ಶೀಟು ಹೊಸದೇನಲ್ಲವಲ್ಲ. 10 ಸೆಕೆಂಡಿಗೆ 74 ಅಂದರೆ ನಿಮಿಷಕ್ಕೆ 444 ರೂಪಾಯಿ. 12 ನಿಮಿಷವೂ ತುಂಬಿದರೆ ಗಂಟೆಗೆ 5,328. ಕೇಳೋಕೆ ಚೆನ್ನಾಗಿದೆ. ಹನುಮಸಾಗರದಂಥ ಊರಲ್ಲಿ ಆ 12 ನಿಮಿಷ ತುಂಬುವವರು ಯಾರು? ಕಿರಾಣಿ ಅಂಗಡಿ, ಗೊಬ್ಬರದ ಅಂಗಡಿ, ಬಟ್ಟೆ ಅಂಗಡಿ. ಅವರು ಹಬ್ಬಕ್ಕೊಮ್ಮೆ, ಬಿತ್ತನೆಗೊಮ್ಮೆ ಕೊಟ್ಟಾರು. ಉಳಿದಿದ್ದಕ್ಕೆ ಸರಕಾರದ ಯೋಜನೆಗಳ ಪ್ರಚಾರವೇ ಗತಿ. ಜಲ ಯೋಜನೆಯ ಜಾಹೀರಾತಿನಿಂದ ಸಂಬಳ ಆಗುವ ಸ್ಟೇಷನ್ನು, ಅದೇ ಯೋಜನೆಯ ನಲ್ಲಿಯಲ್ಲಿ ನೀರು ಬರ್ತಿಲ್ಲ ಅಂತ ಹೇಳೋಕೆ ಹಿಂದೆಮುಂದೆ ನೋಡೇ ನೋಡುತ್ತೆ. ಉಪ್ಪು ತಿಂದವರ ಸಂಕಟ ಅದು. ಯಾರನ್ನೂ ಬೈಯೋಕೆ ಈ ಮಾತು ಹೇಳುತ್ತಿಲ್ಲ, ಲೆಕ್ಕ ಇರೋದೇ ಹಾಗೆ.

ನನಗೆ ಬೇಸರ ಆಗೋದು ಇಲ್ಲಿ. 1996ರ ಪಠ್ಯದಲ್ಲಿ ‘ನಮ್ಮ ಹಕ್ಕು’ ಇತ್ತು. 2000ದಲ್ಲಿ ‘ನಮ್ಮ ಅಂತಸ್ತು’ ಇತ್ತು. 2024ಕ್ಕೆ ಬರುವ ಹೊತ್ತಿಗೆ ಮಾತೆಲ್ಲ ಅವಧಿ, ನಿಮಿಷ, ದರಕ್ಕೆ ಬಂದು ನಿಂತಿದೆ. ಬದುಕುಳಿಯುವ ಮಾತು ಬೇಡ ಅಂತ ಹೇಳೋದು ಸುಲಭ, ಕರೆಂಟ್ ಬಿಲ್ಲು ಕಟ್ಟುವವರಿಗೆ ಅದೇ ದೊಡ್ಡದು. ಆದರೂ ಒಂದು ನೆನಪು ಮಾಡಬೇಕು. 2012ರಲ್ಲಿ ತರಂಗಾಂತರದ ವಾರ್ಷಿಕ ಶುಲ್ಕವನ್ನ 19,700ರಿಂದ 91,000 ರೂಪಾಯಿಗೆ ಏರಿಸಿದಾಗ ದೇಶದ ಸ್ಟೇಷನ್‌ಗಳು ಒಟ್ಟಾಗಿ ಪ್ರತಿಭಟಿಸಿದವು, ಸರಕಾರ ಹಿಂದೆ ಸರಿಯಿತು. ಒಗ್ಗಟ್ಟಾದರೆ ಗೆಲ್ಲಬಹುದು ಅಂತ ಅವರಿಗೇ ಗೊತ್ತು. ದುಡ್ಡಿನ ವಿಷಯದಲ್ಲಿ ತೋರಿಸಿದ ಆ ಹಟ ಸುದ್ದಿಯ ವಿಷಯದಲ್ಲಿ ಯಾಕೆ ಕಾಣಲ್ಲ? ಸುದ್ದಿ ನಿಷೇಧವನ್ನ ಪ್ರಶ್ನಿಸಿ 2013ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದ್ದು ಕೂಡ ಕಾಮನ್ ಕಾಸ್ ಅನ್ನುವ ಸಂಸ್ಥೆ, ರೇಡಿಯೋದವರ ಒಕ್ಕೂಟ ಅಲ್ಲ.

ನಿಷೇಧಕ್ಕೆ ಕಾರಣ ಇಲ್ಲವೇ? ಇದೆ. ಹಳ್ಳಿಯಲ್ಲಿ ಒಂದು ಸುಳ್ಳು ಸುದ್ದಿ ಸಾಕು, ಜಾತಿ ಜಗಳ, ಕೋಮು ಗಲಭೆ ಆಗೋಕೆ. ಚುನಾವಣೆ ಹೊತ್ತಿಗೆ ಸ್ಥಳೀಯ ಪುಢಾರಿ ಮೈಕನ್ನೇ ಕೊಂಡುಕೊಂಡರೆ ಏನು ಮಾಡೋದು ಅನ್ನುವ ಭಯವೂ ಸುಳ್ಳಲ್ಲ. 2006ರಲ್ಲಿ ಈ ವಾದಕ್ಕೆ ಒಂದಿಷ್ಟು ತೂಕ ಇತ್ತು. ಇವತ್ತು? ಕುಷ್ಟಗಿಯಲ್ಲೋ ಯಲಬುರ್ಗಾದಲ್ಲೋ ಒಬ್ಬ ಹುಡುಗ ಮೊಬೈಲು, ಲೋಗೋ ಹಾಕಿದ ಮೈಕು ಹಿಡಕೊಂಡು ಯೂಟ್ಯೂಬ್ ಚಾನೆಲ್ ಶುರು ಮಾಡಬಹುದು. ಮೂರು ವರ್ಷದ ಸೇವೆಯ ದಾಖಲೆ ಬೇಡ, ಸಮಿತಿ ಬೇಡ. ವಾಟ್ಸ್ಯಾಪ್ ಗುಂಪಿನಲ್ಲಿ ಬರುವ ಧ್ವನಿ ಸಂದೇಶಕ್ಕಂತೂ ಅಪ್ಪ ಅಮ್ಮ ಯಾರು ಅಂತಲೇ ಗೊತ್ತಾಗಲ್ಲ. ವಿಳಾಸ ಇರುವ, ನೋಂದಣಿ ಆಗಿರುವ, ಅರ್ಧದಷ್ಟು ಹೆಣ್ಣುಮಕ್ಕಳ ಸಮಿತಿ ಇರುವ, ಆಡಿದ ಮಾತನ್ನೆಲ್ಲ ಮೂರು ತಿಂಗಳು ಕಾಪಿಡುವ ಮಾಧ್ಯಮ ಒಂದೇ ಒಂದು. ಅದಕ್ಕೇ ಬಾಯಿ ಮುಚ್ಚಿಕೋ ಅಂತಿದ್ದೇವೆ. ಟ್ರಾಯ್ 2023ರಲ್ಲಿ ಖಾಸಗಿ ಎಫ್‌ಎಂ ವಾಹಿನಿಗಳಿಗೆ ಗಂಟೆಗೆ 10 ನಿಮಿಷ ಸುದ್ದಿ ಹೇಳೋಕೆ ಬಿಡಬಹುದು ಅಂತ ಶಿಫಾರಸು ಮಾಡಿತು. ಸಿನಿಮಾ ಹಾಡಿನ ನಡುವೆ ಸುದ್ದಿ ಹೇಳಬಹುದಾದರೆ, ಸೋಬಾನೆ ಪದದ ನಡುವೆ ಯಾಕಾಗಬಾರದು?

ತಪ್ಪೆಲ್ಲ ಸರಕಾರದ್ದೇ ಅನ್ನೋಕೂ ಮನಸ್ಸಿಲ್ಲ. ಬೆಂಗಳೂರು, ಮಂಗಳೂರು, ಮಣಿಪಾಲ, ಧಾರವಾಡ, ಬೆಳಗಾವಿ, ಕಲಬುರಗಿ: ನಮಗೆ ಹೆಸರು ಗೊತ್ತಿರುವ ಸ್ಟೇಷನ್‌ಗಳಲ್ಲಿ ಹಲವು ಕಾಲೇಜು, ವಿಶ್ವವಿದ್ಯಾಲಯಗಳ ಆವರಣದಲ್ಲಿವೆ. ಒಳ್ಳೆಯ ಕೆಲಸ ಮಾಡುತ್ತವೆ, ವಿದ್ಯಾರ್ಥಿಗಳು ಕಲಿಯುತ್ತಾರೆ. ಆದರೆ ಕ್ಯಾಂಪಸ್ಸಿನಿಂದ ಬರುವ ಮಾತಿಗೆ ಒಂದು ಇಸ್ತ್ರಿ ಬಿದ್ದಿರುತ್ತೆ. ‘ಕೇಳುಗರಿಗೆ ಹೃತ್ಪೂರ್ವಕ ಸ್ವಾಗತ’ ಅನ್ನುವ ಕನ್ನಡ ಆಕಾಶವಾಣಿಯಲ್ಲಿ ಎಷ್ಟೋ ದಶಕದಿಂದ ಇದೆ, ಅದಕ್ಕೆ ಇನ್ನೊಂದು ಕಂಬ ಬೇಕಿಲ್ಲ. ಮಾಚನೂರಿನ ಹೆಣ್ಣುಮಕ್ಕಳು ತಮ್ಮ ಸೀಮೆಯ ತೆಲುಗನ್ನೇ ಆಡಿದರು, ಬೀಜದ ಬಗ್ಗೆ, ಅಡುಗೆ ಬಗ್ಗೆ, ಹಬ್ಬದ ಬಗ್ಗೆ ತಮ್ಮದೇ ಮಾತಿನಲ್ಲಿ ಹೇಳಿದರು. ಹನುಮಸಾಗರದ ‘ಹೌದಲ್ರಿ’, ‘ಹಂಗಲ್ಲವಾ’ ರೇಡಿಯೋದಲ್ಲಿ ಹಾಸ್ಯಕ್ಕೆ ಮಾತ್ರ ಬರಬಾರದು. ಫ್ಲೋರೈಡ್ ನೀರಿನಿಂದ ಹಲ್ಲು ಕಂದಿದ ಮಗುವಿನ ತಾಯಿ ಆ ಭಾಷೆಯಲ್ಲೇ ವೈದ್ಯರನ್ನ ಪ್ರಶ್ನೆ ಕೇಳಬೇಕು, ವೈದ್ಯರೂ ಅದರಲ್ಲೇ ಉತ್ತರ ಕೊಡಬೇಕು.

ಇದಕ್ಕೂ ನಮಗೂ ಏನು ಸಂಬಂಧ, ನಾವು ಪಾಡ್‌ಕಾಸ್ಟ್ ಕೇಳುವವರು ಅಂತ ಅನ್ನಿಸಬಹುದು. ನೀವು ಕೂತು ಓದುತ್ತಿರುವ ಅಪಾರ್ಟ್‌ಮೆಂಟಿಗೆ ಕಲ್ಲು ಮಣ್ಣು ಹೊತ್ತವರಲ್ಲಿ ಕುಷ್ಟಗಿ, ಯಲಬುರ್ಗಾ ಕಡೆಯಿಂದ ಗುಳೆ ಬಂದವರು ಇದ್ದೇ ಇರುತ್ತಾರೆ. ಊರಲ್ಲಿ ಉದ್ಯೋಗ ಖಾತ್ರಿ ಕೆಲಸ ಶುರುವಾಗಿದೆಯೋ ಇಲ್ಲವೋ, ಕೂಲಿ ಜಮೆ ಆಗಿದೆಯೋ ಇಲ್ಲವೋ, ಆಗದಿದ್ದರೆ ಯಾಕೆ ಅನ್ನೋದು ಗೊತ್ತಾದರೆ, ಗುಳೆ ಹೋಗಬೇಕೋ ಬೇಡವೋ ಅನ್ನೋ ತೀರ್ಮಾನ ಬೇರೆಯಾಗಬಹುದು. ಆ ‘ಯಾಕೆ’ ಇಲ್ಲದ ರೇಡಿಯೋ ಅವರಿಗೆ ಹಾಡು ಕೇಳಿಸುತ್ತೆ ಅಷ್ಟೇ. ಹಾಡು ಅವರ ಮೊಬೈಲಿನಲ್ಲೇ ಬೇಕಾದಷ್ಟಿದೆ.

ಕನ್ನಡಕ್ಕೆ ಇದು ಹೊಸ ಕನಸೂ ಅಲ್ಲ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಮೇಷ್ಟ್ರು ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೋ ಶುರು ಮಾಡಿದರು. ಅದಕ್ಕೆ ಇಟ್ಟ ‘ಆಕಾಶವಾಣಿ’ ಹೆಸರನ್ನೇ ಮುಂದೆ ಸರಕಾರಿ ರೇಡಿಯೋ ಹೊತ್ತುಕೊಂಡಿತು. ಇವತ್ತು ಸಮುದಾಯ ರೇಡಿಯೋಗೆ ಸಿಗುವ 50 ವ್ಯಾಟ್ ಅವರ ಯಂತ್ರಕ್ಕಿಂತ ಜಾಸ್ತಿ. ಯಂತ್ರದ ಬಲ ಸಾಕಷ್ಟಿದೆ.

ಮುಂದಿನ ಸಮ್ಮೇಳನ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಬೇಡ, ಹನುಮಸಾಗರದಂಥ ಒಂದು ಹೋಬಳಿಯಲ್ಲಿ ಆಗಲಿ. ದೂರ ಆಗುತ್ತೆ, ಎಸಿ ಇರಲ್ಲ, ಮಂತ್ರಿಗಳು ಬರದೇ ಇರಬಹುದು. ಅಲ್ಲಿ ಮೂರೇ ಬೇಡಿಕೆ ಬರೆಯಲಿ. ಒಂದು, ಸ್ಟೇಷನ್ನಿನ ವ್ಯಾಪ್ತಿಯೊಳಗಿನ ಸುದ್ದಿ ಹೇಳುವ ಅಧಿಕಾರ. ಬೇಕಾದರೆ ಗಂಟೆಗೆ ಹತ್ತೇ ನಿಮಿಷ, ಬೇಕಾದರೆ ರೆಕಾರ್ಡಿಂಗನ್ನ ಮೂರು ತಿಂಗಳಿಗೆ ಬದಲು ಒಂದು ವರ್ಷ ಇಡುತ್ತೇವೆ ಅಂತ ಹೇಳಲಿ. ಎರಡು, ಸರಕಾರಿ ಜಾಹೀರಾತನ್ನ ಯಾರಿಗೆ ಎಷ್ಟು ಕೊಟ್ಟರು ಅನ್ನೋದು ಎಲ್ಲರಿಗೂ ಕಾಣುವ ಹಾಗೆ ಪ್ರಕಟ ಆಗಲಿ. ಪ್ರಶ್ನೆ ಕೇಳಿದ ಸ್ಟೇಷನ್ನಿಗೆ ಜಾಹೀರಾತು ನಿಂತರೆ ಅದೂ ಕಾಣಲಿ. ಮೂರು, ಸಮ್ಮೇಳನದ ಒಂದು ದಿನ ಪೂರ್ತಿ ಕೇಳುಗರಿಗೆ ಮೀಸಲಿರಲಿ. ರೇಡಿಯೋ ನಡೆಸುವವರು ಆ ದಿನ ಕೆಳಗೆ ಜಮಖಾನೆ ಮೇಲೆ ಕೂರಲಿ, ಮೈಕು ಊರಿನವರ ಕೈಗೆ ಹೋಗಲಿ.

‘ಯಾಕ ಬಂದಿಲ್ರಿ ನೀರು’ ಅಂತ ಅವರಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. ಅದನ್ನ ನೇರ ಪ್ರಸಾರ ಮಾಡೋದೋ ಬೇಡವೋ ಅಂತ ವೇದಿಕೆ ಪಕ್ಕ ನಿಂತ ಸ್ಟೇಷನ್ ಮ್ಯಾನೇಜರು ಅಲ್ಲೇ ತೀರ್ಮಾನಿಸಬೇಕಾಗುತ್ತೆ. ಸಮ್ಮೇಳನದ ನಿಜವಾದ ಚರ್ಚೆ ಆಗ ಶುರುವಾಗುತ್ತೆ.